ನ್ಯೂಯಾರ್ಕ್‌ನಿಂದ ಕ್ಯಾಲಿಫೋರ್ನಿಯಾಕ್ಕೆ ಕಾಲು ಚಾಚಿ ಹೋಗಲು ಯಾವ ಮೈಲಿ?

ನ್ಯೂಜೆರ್ಸಿಯ ಎಡಿಸನ್‌ನಲ್ಲಿರುವ ಪರಿಚಯದ ದಂಪತಿಯೊಬ್ಬರು ಹೋದ ತಿಂಗಳು ಫೋನ್ ಮಾಡಿದ್ದರು. ಹಾಸನದಿಂದ ಬಂದ ಅಪ್ಪ ಅಮ್ಮ ಮೂರು ತಿಂಗಳು ಮಗನ ಮನೆಯಲ್ಲಿದ್ದು, ಇನ್ನು ಮೂರು ತಿಂಗಳಿಗೆ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿರುವ ಮಗಳ ಮನೆಗೆ ಹೊರಡಬೇಕು. ಅಮ್ಮನಿಗೆ ಮಂಡಿನೋವು, ಆರು ಗಂಟೆ ಕಾಲು ಮಡಚಿ ಕೂರುವುದು ಅವರಿಂದ ಆಗದು. ಮಗನ ಬಳಿ ಯುನೈಟೆಡ್ ವಿಮಾನ ಕಂಪನಿಯ 40,000 ಮೈಲಿ (ಹಣದ ಬದಲು ಕೊಟ್ಟು ಟಿಕೆಟ್ ಕೊಳ್ಳಬಹುದಾದ ಅಂಕ), ಚೇಸ್ ಬ್ಯಾಂಕಿನ ಕ್ರೆಡಿಟ್ ಕಾರ್ಡಿನ 1,10,000 ಪಾಯಿಂಟ್ ಇವೆ. ಇವುಗಳಲ್ಲಿ ಯಾವುದನ್ನು ಕೊಟ್ಟು, ಯಾವ ಕಂಪನಿಯ ಮಲಗುವ ಸೀಟು ಕೊಳ್ಳುವುದು ಎಂಬುದು ಅವರ ಪ್ರಶ್ನೆ. ಅದೇ ವಾರ ಇನ್ನಿಬ್ಬರು ಬೇರೆ ಬೇರೆ ಕಡೆಯಿಂದ ಇದೇ ಮಾತು ಕೇಳಿದರು. ಒಬ್ಬರು ಸ್ಯಾನ್ ಹೊಸೆಯ ಎಂಜಿನಿಯರ್. ಆರು ವಾರಕ್ಕೊಮ್ಮೆ ನ್ಯೂಯಾರ್ಕ್ ಕಚೇರಿಗೆ ಹೋಗಿ ಇಳಿದ ಬೆಳಿಗ್ಗೆಯೇ ಸಭೆಯಲ್ಲಿ ಕೂರಬೇಕು. ಇನ್ನೊಬ್ಬಳು ಬಾಸ್ಟನ್‌ನಲ್ಲಿ ಓದುತ್ತಿರುವ ಹುಡುಗಿ. ಅವಳ ಕೈಯಲ್ಲಿರುವುದು 30,000 ಪಾಯಿಂಟ್, ಒಮ್ಮೆಯಾದರೂ ಮಲಗುವ ಸೀಟಿನಲ್ಲಿ ಹೋಗಬೇಕೆಂಬ ಆಸೆ.

ಮೂವರಿಗೂ ಒಂದೇ ಉತ್ತರ ಹೇಳಲು ಬರುವುದಿಲ್ಲ. ಆದರೆ ಅಳೆಯುವ ಕೋಲು ಒಂದೇ. ಅದನ್ನು ಮೊದಲು ಹೇಳಿ ಆಮೇಲೆ ಕಂಪನಿಗಳ ವಿಷಯಕ್ಕೆ ಬರುತ್ತೇನೆ.

ಮೊದಲು ನೋಡಬೇಕಾದದ್ದು ಸೀಟು

ಅಮೆರಿಕದ ಒಳಗಿನ ವಿಮಾನಗಳಲ್ಲಿ 'ಫಸ್ಟ್ ಕ್ಲಾಸ್' ಎಂಬ ಹೆಸರನ್ನು ನಂಬಿ ಮೈಲಿ ಕೊಡಬೇಡಿ. ಹೆಚ್ಚಿನ ಮಾರ್ಗಗಳಲ್ಲಿ ಆ ಹೆಸರಿನಡಿ ಸಿಗುವುದು ಅಗಲವಾದ, ಸ್ವಲ್ಪ ಹಿಂದಕ್ಕೆ ಬಾಗುವ ಕುರ್ಚಿ. ಪೂರ್ತಿ ಹಾಸಿಗೆಯಾಗುವ ಸೀಟು ಸಿಗುವುದು ಮುಖ್ಯವಾಗಿ ಕರಾವಳಿಯಿಂದ ಕರಾವಳಿಗೆ ಹೋಗುವ ಕೆಲವೇ ಮಾರ್ಗಗಳಲ್ಲಿ: ನ್ಯೂಯಾರ್ಕ್‌ನ ಕೆನೆಡಿ ನಿಲ್ದಾಣ, ನ್ಯೂವರ್ಕ್ ಮತ್ತು ಬಾಸ್ಟನ್‌ಗಳಿಂದ ಲಾಸ್ ಏಂಜಲೀಸ್, ಸ್ಯಾನ್ ಫ್ರಾನ್ಸಿಸ್ಕೊ, ಸಿಯಾಟಲ್ ಇತ್ಯಾದಿ. ಅಲ್ಲಿಯೂ ಒಂದೇ ಕಂಪನಿಯ ಬೆಳಗಿನ ವಿಮಾನದಲ್ಲಿ ಹಾಸಿಗೆ, ಮಧ್ಯಾಹ್ನದ ವಿಮಾನದಲ್ಲಿ ಕುರ್ಚಿ ಇರಬಹುದು. ಬುಕ್ ಮಾಡುವ ಮುನ್ನ ವಿಮಾನದ ಮಾದರಿಯನ್ನೂ ಸೀಟಿನ ನಕ್ಷೆಯನ್ನೂ ತೆರೆದು ನೋಡುವುದು ಕಡ್ಡಾಯ. ಹೆಸರುಗಳಲ್ಲಿಯೂ ಸುಳಿವಿದೆ. ಡೆಲ್ಟಾದಲ್ಲಿ 'ಡೆಲ್ಟಾ ಒನ್' ಎಂದರೆ ಹಾಸಿಗೆ, 'ಡೆಲ್ಟಾ ಫಸ್ಟ್' ಎಂದರೆ ಕುರ್ಚಿ. ಅಮೆರಿಕನ್ ಏರ್‌ಲೈನ್ಸ್‌ನಲ್ಲಿ 'ಫ್ಲ್ಯಾಗ್‌ಶಿಪ್' ಎಂಬ ಪದವಿದೆಯೇ ನೋಡಿ. ಜೆಟ್‌ಬ್ಲೂನಲ್ಲಿ 'ಮಿಂಟ್' ಎಂದಿದ್ದರೆ ಚಿಂತೆಯೇ ಇಲ್ಲ.

ಎರಡನೆಯದು ದಿಕ್ಕು. ಇದನ್ನು ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಅದೇ ನನಗೆ ಬೇಸರ. ಕೆನೆಡಿಯಿಂದ ಲಾಸ್ ಏಂಜಲೀಸ್‌ಗೆ 2,475 ಮೈಲು ದೂರ. ಪಶ್ಚಿಮಕ್ಕೆ ಹೋಗುವಾಗ ಎದುರುಗಾಳಿ, ಆರು ಗಂಟೆಗೂ ಮೇಲೆ ಹಿಡಿಯುತ್ತದೆ. ಆದರೆ ಹೆಚ್ಚಾಗಿ ಹಗಲಿನ ಪ್ರಯಾಣ; ಬೆಳಿಗ್ಗೆ ಎಂಟಕ್ಕೆ ಹೊರಟರೆ ಅಲ್ಲಿಯ ಗಡಿಯಾರದಲ್ಲಿ ಮಧ್ಯಾಹ್ನಕ್ಕೂ ಮೊದಲೇ ಇಳಿದಿರುತ್ತೀರಿ. ಪೂರ್ವಕ್ಕೆ ಬರುವಾಗ ಗಾಳಿ ಬೆನ್ನಿಗೆ ಬರುತ್ತದೆ, ಸುಮಾರು ಐದು ಗಂಟೆಗೆ ಕೆಲಸ ಮುಗಿಯುತ್ತದೆ, ಆದರೆ ಗಡಿಯಾರ ಮೂರು ಗಂಟೆ ಮುಂದೋಡುತ್ತದೆ. ರಾತ್ರಿ ಹತ್ತಕ್ಕೆ ಹತ್ತಿದವರು ಬೆಳಿಗ್ಗೆ ಆರೂವರೆಯ ಹೊತ್ತಿಗೆ ನ್ಯೂಯಾರ್ಕ್‌ನ ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು ಹೊರಬರುತ್ತಾರೆ. ಮಲಗುವ ಸೀಟಿಗೆ ನಿಜವಾದ ಬೆಲೆ ಇರುವುದು ಈ ರಾತ್ರಿ ವಿಮಾನದಲ್ಲಿ. ದೇಹ ಗಟ್ಟಿಯಿರುವವರು ಪಶ್ಚಿಮಕ್ಕೆ ಹಗಲಿನಲ್ಲಿ ಸಾಮಾನ್ಯ ಸೀಟಿಗೆ ಹಣ ಕೊಟ್ಟು ಹೋಗಿ, ಮೈಲಿಗಳನ್ನು ಮರಳುವ ರಾತ್ರಿಗೆ ಇಟ್ಟುಕೊಂಡರೆ ಅದೇ ಮೈಲಿಯಲ್ಲಿ ಎರಡು ಪಟ್ಟು ಸುಖ ಪಡುತ್ತಾರೆ. ಹತ್ತಿದ ಮೇಲೆ ಊಟ ಬೇಡವೆನ್ನಿ. ಏರುವ, ಇಳಿಯುವ ಹೊತ್ತನ್ನು ಕಳೆದರೆ ಉಳಿಯುವುದೇ ನಾಲ್ಕು ಗಂಟೆ, ಅದರಲ್ಲಿ ಒಂದು ಗಂಟೆ ತಟ್ಟೆಯ ಮುಂದೆ ಕೂತರೆ ನಿದ್ದೆ ಎಲ್ಲಿ?

ಮೂರನೆಯದು ಲೆಕ್ಕ. ಟಿಕೆಟ್ಟಿನ ಹಣದ ಬೆಲೆಯಿಂದ 5.60 ಡಾಲರ್ ಕಳೆಯಿರಿ. ಇದು ಮೈಲಿಯಲ್ಲಿ ಬುಕ್ ಮಾಡಿದರೂ ದೇಶದೊಳಗಿನ ಒಂದು ಬದಿಯ ಪ್ರಯಾಣಕ್ಕೆ ಕೊಡಲೇಬೇಕಾದ ಭದ್ರತಾ ಶುಲ್ಕ. ಉಳಿದದ್ದನ್ನು ಕೇಳುತ್ತಿರುವ ಮೈಲಿಯಿಂದ ಭಾಗಿಸಿ. ಉದಾಹರಣೆಗೆ, 899 ಡಾಲರ್ ಸೀಟಿಗೆ 55,000 ಮೈಲಿ ಕೇಳಿದರೆ ಒಂದು ಮೈಲಿಗೆ 1.6 ಸೆಂಟ್ ಬಂದಂತೆ. 699 ಡಾಲರ್ ಸೀಟಿಗೆ 95,000 ಕೇಳಿದರೆ 0.73 ಸೆಂಟ್. ಚೇಸ್ ಪಾಯಿಂಟನ್ನು ಏನೂ ಕಷ್ಟಪಡದೆ ನಗದಾಗಿಸಿದರೂ ತಲಾ ಒಂದು ಸೆಂಟ್ ಸಿಗುತ್ತದೆ. ಹಾಗಾಗಿ ಎರಡನೆಯ ಟಿಕೆಟ್ ಕೊಂಡವರು ಕೈಯಿಂದ ಹಣ ಕಳೆದುಕೊಂಡಂತೆಯೇ. ನನ್ನ ಮಟ್ಟಿಗೆ 1.3 ಸೆಂಟಿಗಿಂತ ಕಡಿಮೆ ಬಂದರೆ ಮೈಲಿಯನ್ನು ಮುಟ್ಟುವುದಿಲ್ಲ.

ಇಲ್ಲೊಂದು ಪ್ರಾಮಾಣಿಕತೆಯೂ ಬೇಕು. ಮೈಲಿ ಇಲ್ಲದಿದ್ದರೆ ನೀವು 899 ಡಾಲರ್ ಕೊಡುತ್ತಿರಲೇ ಇಲ್ಲ, 200 ಡಾಲರಿನ ಸಾಮಾನ್ಯ ಸೀಟಿನಲ್ಲಿ ಹೋಗುತ್ತಿದ್ದಿರಿ ಎಂದಾದರೆ, ಆ 55,000 ಮೈಲಿ ನಿಮಗೆ ಉಳಿಸಿದ್ದು 200 ಡಾಲರ್ ಮಾತ್ರ. ಉಳಿದದ್ದು ಸುಖದ ಬೆಲೆ. ಸುಖಕ್ಕೆ ಖರ್ಚು ಮಾಡುವುದು ತಪ್ಪಲ್ಲ, ಆದರೆ ಅದನ್ನು ಉಳಿತಾಯ ಎಂದು ಕರೆಯಬಾರದು.

ಕೊನೆಯದಾಗಿ ನಿಲ್ದಾಣ. ಎಡಿಸನ್‌ನಿಂದ ನ್ಯೂವರ್ಕ್‌ಗೆ ರಸ್ತೆ ಖಾಲಿಯಿದ್ದರೆ ಅರ್ಧ ಗಂಟೆ. ಕೆನೆಡಿಗೆ ಹೋಗಬೇಕಾದರೆ ಸ್ಟ್ಯಾಟನ್ ಐಲೆಂಡ್ ದಾಟಿ, ವೆರಜಾನೊ ಸೇತುವೆಯ ಟೋಲ್ ಕಟ್ಟಿ, ಬೆಲ್ಟ್ ಪಾರ್ಕ್‌ವೇಯಲ್ಲಿ ಸಾಲು ನಿಲ್ಲಬೇಕು. ಹತ್ತು ಸಾವಿರ ಮೈಲಿ ಉಳಿಸಲು ಮಂಡಿನೋವಿನ ತಾಯಿಯನ್ನು ಎರಡು ಗಂಟೆ ಕಾರಿನಲ್ಲಿ ಕೂರಿಸುವುದರಲ್ಲಿ ಅರ್ಥವಿಲ್ಲ.

ಯುನೈಟೆಡ್

ನ್ಯೂಜೆರ್ಸಿಯ ಕನ್ನಡಿಗರಿಗೆ ಇದು ಮನೆಯ ಪಕ್ಕದ ಅಂಗಡಿ. ನ್ಯೂವರ್ಕ್ ಅವರ ದೊಡ್ಡ ನೆಲೆ, ಸ್ಯಾನ್ ಫ್ರಾನ್ಸಿಸ್ಕೊ ಇನ್ನೊಂದು. ಎರಡರ ನಡುವೆ ದಿನಕ್ಕೆ ಹಲವು ವಿಮಾನಗಳಿವೆ. ಊರಿಗೆ ಹೋಗಿಬರುವಾಗ ಏರ್ ಇಂಡಿಯಾ ಅಥವಾ ಲುಫ್ತಾನ್ಸಾ ಹತ್ತಿದವರು ಆ ಪ್ರಯಾಣದ ಮೈಲಿಗಳನ್ನು ಯುನೈಟೆಡ್ ಖಾತೆಗೆ ಹಾಕಿಸಿಕೊಂಡಿರುತ್ತಾರೆ, ಏಕೆಂದರೆ ಮೂರೂ ಸ್ಟಾರ್ ಅಲಯನ್ಸ್ ಕೂಟದವು. ಚೇಸ್ ಪಾಯಿಂಟ್ ಕೂಡ ಒಂದಕ್ಕೊಂದರಂತೆ ಇಲ್ಲಿಗೆ ಬರುತ್ತದೆ. ಮೈಲಿಗಳಿಗೆ ಅವಧಿ ಮುಗಿಯುವ ಭಯವಿಲ್ಲ.

ಹಳೆಯ 757 ವಿಮಾನದಲ್ಲಿ ಹಾಸಿಗೆ ಸೀಟುಗಳು ಎರಡೆರಡರ ಜೋಡಿ. ಕಿಟಕಿಯ ಬದಿಯವರು ಎದ್ದರೆ ಪಕ್ಕದವರ ಕಾಲು ದಾಟಬೇಕು. ಒಬ್ಬರೇ ಹೋಗುವವರಿಗೆ ಇದು ಕಿರಿಕಿರಿ; ಗಂಡ ಹೆಂಡತಿಗೆ ಇದಕ್ಕಿಂತ ಒಳ್ಳೆಯ ಜೋಡಣೆ ಇಲ್ಲ. 787-10ರಂತಹ ದೊಡ್ಡ ವಿಮಾನ ಬಿದ್ದರೆ ಪ್ರತಿ ಸೀಟಿನಿಂದಲೂ ನೇರವಾಗಿ ಓಣಿಗೆ ಇಳಿಯಬಹುದು. 737 ಕಂಡರೆ ಬಿಟ್ಟುಬಿಡಿ, ಅದರಲ್ಲಿ ಹಾಸಿಗೆಯಿಲ್ಲ.

ಕೊರತೆಗಳೂ ಇವೆ. 2019ರ ನವೆಂಬರ್‌ನಿಂದ ಯುನೈಟೆಡ್ ತನ್ನ ವಿಮಾನಗಳ ಮೈಲಿ ದರಪಟ್ಟಿಯನ್ನೇ ತೆಗೆದುಹಾಕಿದೆ. ಬೇಡಿಕೆಗೆ ತಕ್ಕಂತೆ ದರ ಏರಿಳಿಯುತ್ತದೆ. ಅವರದೇ ಕ್ರೆಡಿಟ್ ಕಾರ್ಡ್ ಇರುವವರಿಗೆ ಅಗ್ಗದ ಸೀಟುಗಳು ಹೆಚ್ಚು ಕಾಣಿಸುತ್ತವೆ, ಆದ್ದರಿಂದ ಲಾಗಿನ್ ಆಗಿಯೇ ಹುಡುಕಿ. ಏರ್ ಕೆನಡಾದ ಮೈಲಿ ಯೋಜನೆ ಏರೋಪ್ಲಾನ್‌ನಂತಹ ಪಾಲುದಾರ ಖಾತೆಯಲ್ಲಿ ಇದೇ ವಿಮಾನ ಕಡಿಮೆಗೆ ಸಿಗಬಹುದೆಂದು ಹೇಳುವವರಿದ್ದಾರೆ. ನೋಡುವುದರಲ್ಲಿ ತಪ್ಪಿಲ್ಲ, ಆದರೆ ಈ ಮಾರ್ಗಗಳ ಮಲಗುವ ಸೀಟನ್ನು ಯುನೈಟೆಡ್ ಪಾಲುದಾರರಿಗೆ ಬಿಟ್ಟುಕೊಡುವುದು ಅಪರೂಪ. ಇನ್ನೊಂದು: ನಿಲ್ದಾಣದಲ್ಲಿರುವ ಯುನೈಟೆಡ್‌ನ ಪೊಲಾರಿಸ್ ಲೌಂಜ್‌ನ (ಊಟ, ವಿಶ್ರಾಂತಿಯ ಕೋಣೆ) ಚಿತ್ರ ನೋಡಿ ಆಸೆಪಡಬೇಡಿ, ದೇಶದೊಳಗಿನ ಈ ಟಿಕೆಟ್‌ಗೆ ಆ ಬಾಗಿಲು ತೆರೆಯುವುದಿಲ್ಲ.

ಜೆಟ್‌ಬ್ಲೂ ಮಿಂಟ್

2014ರಲ್ಲಿ ಜೆಟ್‌ಬ್ಲೂ ಮಿಂಟ್ ಆರಂಭಿಸುವ ತನಕ ಈ ಮಾರ್ಗಗಳ ಮಲಗುವ ಸೀಟು ಕಂಪನಿ ಖರ್ಚಿನಲ್ಲಿ ಓಡಾಡುವವರ ಸೊತ್ತಾಗಿತ್ತು. ಕಡಿಮೆ ಬೆಲೆಗೆ ಒಳ್ಳೆಯ ಹಾಸಿಗೆ ಕೊಟ್ಟು ಉಳಿದವರನ್ನೂ ದರ ಇಳಿಸುವಂತೆ ಮಾಡಿದ್ದು ಇವರೇ. ನನಗೆ ಈ ಕಂಪನಿಯ ಮೇಲೆ ಸ್ವಲ್ಪ ಹೆಚ್ಚು ಪ್ರೀತಿ ಇರುವುದಕ್ಕೆ ಅದೇ ಕಾರಣ.

ಮೊದಲ ತಲೆಮಾರಿನ ಮಿಂಟ್ ವಿಮಾನದಲ್ಲಿ 16 ಸೀಟು. ಒಂದು ಸಾಲಿನಲ್ಲಿ ಎರಡೆರಡು, ಮುಂದಿನ ಸಾಲಿನಲ್ಲಿ ಬದಿಗೊಂದರಂತೆ ಬಾಗಿಲಿರುವ ಪುಟ್ಟ ಕೋಣೆ, ಹೀಗೆ ಒಂದು ಬಿಟ್ಟು ಒಂದು. ಹಾಸಿಗೆ ಆರು ಅಡಿ ಎಂಟು ಅಂಗುಲದವರೆಗೆ ಚಾಚುತ್ತದೆ. ಹೊಸ ತಲೆಮಾರಿನದರಲ್ಲಿ ಎಲ್ಲವೂ ಬಾಗಿಲಿರುವ ಒಂಟಿ ಕೋಣೆಗಳು. ಒಬ್ಬರೇ ಹೋಗುವವರಿಗೆ ಹೊಸದು ಸ್ವರ್ಗ. ಆದರೆ ಗುಂಡಿ ಒತ್ತಿ ಸೀಟು ಚಾಚುವುದನ್ನು ಮೊದಲ ಸಲ ನೋಡುವ, ಇಂಗ್ಲಿಷ್ ಅಷ್ಟಾಗಿ ಬಾರದ ಅಮ್ಮನನ್ನು ಗೋಡೆಯ ಆಚೆ ಒಂಟಿಯಾಗಿ ಕೂರಿಸಿದರೆ ಅವರು ಐದೂ ಗಂಟೆ ನೆಟ್ಟಗೆ ಕುಳಿತೇ ಹೋಗುತ್ತಾರೆ. ಹಿರಿಯ ದಂಪತಿಗೆ ಹಳೆಯ ಜೋಡಿ ಸೀಟೇ ಹಿತ.

ಪಾಯಿಂಟ್ ವ್ಯವಸ್ಥೆ ಬಹಳ ಸರಳ. ಹಣದ ದರ ಇಳಿದರೆ ಪಾಯಿಂಟ್ ದರವೂ ಇಳಿಯುತ್ತದೆ, ಏರಿದರೆ ಏರುತ್ತದೆ. ಅಪರೂಪದ ಭಾರೀ ಲಾಭವೂ ಇಲ್ಲ, ಮೋಸ ಹೋದೆನೆಂಬ ಭಾವವೂ ಇಲ್ಲ. ಪಾಯಿಂಟ್‌ಗೆ ಅವಧಿ ಮುಗಿಯುವುದಿಲ್ಲ. ಚೇಸ್‌ನಿಂದ ಒಂದಕ್ಕೊಂದು ಬರುತ್ತದೆ. ಅಮೆಕ್ಸ್ (ಅಮೆರಿಕನ್ ಎಕ್ಸ್‌ಪ್ರೆಸ್) ಕಾರ್ಡಿನಿಂದ ಕಳಿಸಿದರೆ 1,000ಕ್ಕೆ 800 ಮಾತ್ರ, ಮೇಲೆ ಸಣ್ಣ ಶುಲ್ಕ ಬೇರೆ. ಅಮೆಕ್ಸ್ ಇರುವವರು ಇಲ್ಲಿಗೆ ಬರಬೇಡಿ. ಟಿಕೆಟ್ ಇದ್ದ ಮಾತ್ರಕ್ಕೆ ಲೌಂಜ್ ಸಿಗುವುದಿಲ್ಲ. ಮಿಂಟ್ ಹೊರಡುವುದು ಮುಖ್ಯವಾಗಿ ಕೆನೆಡಿ ಮತ್ತು ಬಾಸ್ಟನ್‌ಗಳಿಂದ. ಬಾಸ್ಟನ್‌ನವರಿಗೆ ನನ್ನ ಮೊದಲ ಸಲಹೆ ಯಾವಾಗಲೂ ಇದೇ.

ಅಮೆರಿಕನ್

ಹಲವು ವರ್ಷ ಅಮೆರಿಕನ್‌ನ ಪಟ್ಟಿಯಲ್ಲಿ ದೇಶದೊಳಗಿನ ಬಿಸಿನೆಸ್ ಸೀಟಿನ ಕನಿಷ್ಠ ದರ 25,000 ಮೈಲಿ ಎಂದು ಅಚ್ಚಾಗಿತ್ತು. ಆ ಕಾಲ ಹೋಯಿತು. ಇಲ್ಲಿಯೂ ಈಗ ದರ ದಿನದಿನಕ್ಕೆ ಬದಲಾಗುತ್ತದೆ. ಆದರೂ ದಿನಾಂಕ ಸಡಿಲವಿದ್ದವರಿಗೆ ಇಂದಿಗೂ ಅಚ್ಚರಿಯ ಅಗ್ಗದ ಸೀಟು ಸಿಗಬಹುದಾದ ಜಾಗ ಇದು. ತಿಂಗಳ ಕ್ಯಾಲೆಂಡರ್ ತೆರೆದು ನೋಡಿದರೆ ಮಂಗಳವಾರಕ್ಕೂ ಶುಕ್ರವಾರಕ್ಕೂ ಇರುವ ಅಂತರ ಕಣ್ಣಿಗೆ ಹೊಡೆಯುತ್ತದೆ.

ಕೆನೆಡಿಯಿಂದ ಲಾಸ್ ಏಂಜಲೀಸ್, ಸ್ಯಾನ್ ಫ್ರಾನ್ಸಿಸ್ಕೊಗೆ ಹಾರುವ ಅವರ ಎ321ಟಿ ವಿಮಾನ 2014ರಲ್ಲಿ ಬಂದಾಗ ಅದರಲ್ಲಿದ್ದದ್ದು ಒಟ್ಟು 102 ಸೀಟು; ಅದರಲ್ಲಿ 10 ಫಸ್ಟ್, 20 ಬಿಸಿನೆಸ್. ಆ ಫಸ್ಟ್ ಕ್ಲಾಸ್ ಹಂತಹಂತವಾಗಿ ಮರೆಯಾಗುತ್ತಿದೆ. ಅದರ ಜಾಗಕ್ಕೆ ಬರುತ್ತಿರುವ ಎ321ಎಕ್ಸ್‌ಎಲ್‌ಆರ್‌ನಲ್ಲಿ ಬಾಗಿಲಿರುವ 20 ಒಂಟಿ ಸೀಟುಗಳಿವೆ. ಫ್ಲ್ಯಾಗ್‌ಶಿಪ್ ಬಿಸಿನೆಸ್ ಟಿಕೆಟ್‌ಗೆ ಕೆನೆಡಿಯ ಎಂಟನೇ ಟರ್ಮಿನಲ್‌ನಲ್ಲಿ ಒಳ್ಳೆಯ ಲೌಂಜ್ ಕೂಡ ಸಿಗುತ್ತದೆ. ಬೇಗ ಬಂದು, ಅಲ್ಲೇ ಊಟ ಮುಗಿಸಿ, ವಿಮಾನದಲ್ಲಿ ಬರೀ ನಿದ್ದೆ ಮಾಡುವವರಿಗೆ ಇದು ದೊಡ್ಡ ಅನುಕೂಲ.

ಮೈಲಿ ಸೇರಿಸುವುದು ಸ್ವಲ್ಪ ಕಷ್ಟವಿತ್ತು. 2025ರ ಜುಲೈನಿಂದ ಸಿಟಿ ಬ್ಯಾಂಕಿನ ಪಾಯಿಂಟ್‌ಗಳನ್ನು ಇಲ್ಲಿಗೆ ವರ್ಗಾಯಿಸಬಹುದು. ಊರಿಗೆ ದೋಹಾ ದಾರಿಯಲ್ಲಿ ಕತಾರ್ ಅಥವಾ ಲಂಡನ್ ದಾರಿಯಲ್ಲಿ ಬ್ರಿಟಿಷ್ ಏರ್‌ವೇಸ್ ಹಿಡಿದು ಬೆಂಗಳೂರಿಗೆ ಹೋಗಿಬರುವವರ ಮೈಲಿ ಸಹಜವಾಗಿ ಅಮೆರಿಕನ್ ಖಾತೆಗೆ ಸೇರುತ್ತದೆ, ಏಕೆಂದರೆ ಈ ಮೂರೂ ಒನ್‌ವರ್ಲ್ಡ್ ಕೂಟದವು. ಬ್ರಿಟಿಷ್ ಏರ್‌ವೇಸ್‌ನ ಏವಿಯೋಸ್ ಪಾಯಿಂಟ್‌ಗಳಿಂದಲೂ ಅಲಾಸ್ಕಾ ಏರ್‌ಲೈನ್ಸ್‌ನ ಪಾಯಿಂಟ್‌ಗಳಿಂದಲೂ ಅಮೆರಿಕನ್ ವಿಮಾನ ಬುಕ್ ಮಾಡಬಹುದು, ಪಾಲುದಾರರಿಗೆಂದು ಬಿಟ್ಟ ಸೀಟು ಇದ್ದರೆ. ಒಂದು ಎಚ್ಚರಿಕೆ: 24 ತಿಂಗಳು ಖಾತೆಯಲ್ಲಿ ಯಾವ ಚಲನೆಯೂ ಇಲ್ಲದಿದ್ದರೆ ಅಮೆರಿಕನ್‌ನ ಮೈಲಿಗಳು ಅಳಿದುಹೋಗುತ್ತವೆ. ಎರಡು ವರ್ಷಕ್ಕೊಮ್ಮೆ ಊರಿಗೆ ಹೋಗುವ ಕುಟುಂಬಗಳು ಇದನ್ನು ಮರೆಯಬಾರದು.

ಡೆಲ್ಟಾ

ಸುಖದಲ್ಲಿ ಡೆಲ್ಟಾವನ್ನು ಮೀರಿಸುವವರು ಈ ಮಾರ್ಗಗಳಲ್ಲಿ ಇಲ್ಲ ಎಂದೇ ನನ್ನ ಅಭಿಪ್ರಾಯ. 2024ರ ಜೂನ್‌ನಲ್ಲಿ ಕೆನೆಡಿಯಲ್ಲಿ, ಅಕ್ಟೋಬರ್‌ನಲ್ಲಿ ಲಾಸ್ ಏಂಜಲೀಸ್‌ನಲ್ಲಿ, ಡಿಸೆಂಬರ್‌ನಲ್ಲಿ ಬಾಸ್ಟನ್‌ನಲ್ಲಿ ತೆರೆದ ಡೆಲ್ಟಾ ಒನ್ ಲೌಂಜ್‌ಗಳಿಗೆ ದೇಶದೊಳಗಿನ ಡೆಲ್ಟಾ ಒನ್ ಪ್ರಯಾಣಿಕರಿಗೂ ಪ್ರವೇಶವಿದೆ. 767 ವಿಮಾನದಲ್ಲಿ ಎಲ್ಲರಿಗೂ ಓಣಿಗೆ ನೇರ ದಾರಿ.

ಆದರೆ ಮೈಲಿಯ ಬೆಲೆ ನೋಡಿದರೆ ಎದೆ ಧಸಕ್ಕೆನ್ನುತ್ತದೆ. 2015ರಲ್ಲೇ ದರಪಟ್ಟಿಯನ್ನು ಕಿತ್ತುಹಾಕಿದವರು ಇವರು. ಒಂದು ಬದಿಗೆ ಲಕ್ಷ ಮೈಲಿ ದಾಟುವುದು ಹೊಸದೇನಲ್ಲ, ಲೆಕ್ಕ ಹಾಕಿದರೆ ಮೈಲಿಗೆ ಒಂದು ಸೆಂಟಿನ ಆಸುಪಾಸಿನಲ್ಲೇ ನಿಲ್ಲುತ್ತದೆ. ಡೆಲ್ಟಾದ ಅಮೆಕ್ಸ್ ಗೋಲ್ಡ್ ಅಥವಾ ಅದಕ್ಕಿಂತ ಮೇಲಿನ ಕಾರ್ಡ್ ಇದ್ದರೆ ಮೈಲಿ ದರದಲ್ಲಿ ಶೇಕಡ 15 ಕಡಿತವಿದೆ. ಅದಿದ್ದರೆ ಮಾತ್ರ ಡೆಲ್ಟಾ ಮೈಲಿಯ ಮಾತೆತ್ತಿ. ಹೊಸದಾಗಿ ಅಮೆಕ್ಸ್ ಪಾಯಿಂಟ್‌ಗಳನ್ನು ಇಲ್ಲಿಗೆ ಕಳಿಸುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಕಂಪನಿ ಹಣ ಕೊಡುವುದಾದರೆ ಕಣ್ಣು ಮುಚ್ಚಿ ಡೆಲ್ಟಾ ಹತ್ತಿ.

ಅಲಾಸ್ಕಾದ ಮಾತು ಚಿಕ್ಕದು. ಅವರ 737ಗಳ ಫಸ್ಟ್ ಕ್ಲಾಸ್ ವಿಶಾಲ ಕುರ್ಚಿಯೇ ಹೊರತು ಹಾಸಿಗೆಯಲ್ಲ. ಸಿಯಾಟಲ್‌ನ ಕನ್ನಡಿಗರು ಅದರ ಪಾಯಿಂಟ್‌ಗಳನ್ನು ಹಗಲಿನ ಪ್ರಯಾಣಕ್ಕೆ ಇಲ್ಲವೇ ಅಮೆರಿಕನ್‌ನ ಹಾಸಿಗೆಗೆ ಬಳಸುವುದು ಜಾಣತನ.

ಯಾರಿಗೆ ಯಾವುದು

ಬಾಸ್ಟನ್‌ನ ಹುಡುಗಿಗೆ ನಾನು ಹೇಳಿದ್ದು: 30,000 ಪಾಯಿಂಟ್‌ಗೆ ಮಲಗುವ ಸೀಟು ಕಷ್ಟ, ಆದರೆ ಅಸಾಧ್ಯವಲ್ಲ. ಜನವರಿ ಕೊನೆ, ಫೆಬ್ರವರಿ ಮೊದಲ ವಾರಗಳ ಮಂಗಳವಾರ, ಬುಧವಾರ, ಶನಿವಾರಗಳ ಮಿಂಟ್ ದರ ನೋಡುತ್ತಿರು. ಸಿಗದಿದ್ದರೆ ಸಾಮಾನ್ಯ ಸೀಟಿನಲ್ಲೇ ಹೋಗಿ, ಅದೇ ಪಾಯಿಂಟ್‌ನಲ್ಲಿ ಎರಡು ಸಲ ಹೋಗಿಬರುವ ದಾರಿ ಹುಡುಕು. ಇಪ್ಪತ್ತೆರಡರ ಬೆನ್ನು ಐದಾರು ಗಂಟೆ ತಡೆಯುತ್ತದೆ.

ಸ್ಯಾನ್ ಹೊಸೆಯ ಎಂಜಿನಿಯರ್‌ಗೆ ಉತ್ತರ ಸ್ಪಷ್ಟ. ಪೂರ್ವಕ್ಕೆ ಬರುವ ರಾತ್ರಿಗೆ ಅಮೆರಿಕನ್ ಅಥವಾ ಯುನೈಟೆಡ್ ಮೈಲಿ, ಯಾವುದು 1.3 ಸೆಂಟ್ ದಾಟುತ್ತದೋ ಅದು. ಮರಳಿ ಹೋಗುವಾಗ ಸಂಜೆಯ ಸಾಮಾನ್ಯ ಸೀಟು. ಮೈಲಿ ಟಿಕೆಟ್ಟಿನ ದೊಡ್ಡ ಗುಣವೊಂದು ಅವರಿಗೆ ವರ: ಈ ನಾಲ್ಕೂ ಕಂಪನಿಗಳ ಸ್ವಂತ ಮೈಲಿಯಲ್ಲಿ ಕೊಂಡ ಇಂತಹ ಟಿಕೆಟ್ ರದ್ದು ಮಾಡಿದರೆ ಮೈಲಿ ದಂಡವಿಲ್ಲದೆ ಖಾತೆಗೆ ಮರಳುತ್ತದೆ. ಹಾಗಾಗಿ ಮೊದಲೇ ಬುಕ್ ಮಾಡಿಟ್ಟು, ವಾರಕ್ಕೊಮ್ಮೆ ದರ ನೋಡಿ, ಇಳಿದಿದ್ದರೆ ಹಳೆಯದನ್ನು ಬಿಟ್ಟು ಹೊಸದನ್ನು ಕೊಳ್ಳಬಹುದು. ಪಾಲುದಾರ ಖಾತೆಗಳಲ್ಲಿ ಈ ಸ್ವಾತಂತ್ರ್ಯ ಎಲ್ಲೆಡೆ ಇರುವುದಿಲ್ಲ, ನಿಯಮ ಓದಿಕೊಳ್ಳಬೇಕು. ಬ್ಯಾಂಕಿನ ಪಾಯಿಂಟ್ ಒಮ್ಮೆ ವಿಮಾನ ಕಂಪನಿಗೆ ಹೋದರೆ ಹಿಂದೆ ಬರುವುದೇ ಇಲ್ಲ. ಸೀಟು ಕಣ್ಣಿಗೆ ಕಂಡ ಮೇಲೆಯೇ ವರ್ಗಾವಣೆಯ ಗುಂಡಿ ಒತ್ತಬೇಕು. ಹಿಂದೊಮ್ಮೆ ನಾನೇ ಅವಸರಪಟ್ಟು 60,000 ಪಾಯಿಂಟ್ ಕಳಿಸಿ, ಅದು ತಲುಪುವ ಹೊತ್ತಿಗೆ ಸೀಟು ಬೇರೆಯವರ ಪಾಲಾಗಿ, ಒಂದೂವರೆ ವರ್ಷ ಆ ಮೈಲಿಯನ್ನು ನೋಡುತ್ತಾ ಕೂತಿದ್ದೆ.

ಎಡಿಸನ್‌ನ ದಂಪತಿ ಮಿಂಟ್ ಕಡೆಗೆ ವಾಲಿದ್ದರು. ಕೆನೆಡಿಯ ದಾರಿ, ಜೋಡಿ ಸೀಟು ಎರಡನ್ನೂ ತೂಗಿ ನಾನು ಯುನೈಟೆಡ್ ಎಂದೆ. ಒಂದು ಮಂಗಳವಾರ ಬೆಳಿಗ್ಗೆ 757ರಲ್ಲಿ ತಲಾ 50,000 ಮೈಲಿಗೆ ಪಕ್ಕಪಕ್ಕದ ಎರಡು ಸೀಟು ಸಿಕ್ಕವು. ಹಣದ ದರ 780 ಡಾಲರ್ ಇತ್ತು, ಎಂದರೆ ಮೈಲಿಗೆ 1.55 ಸೆಂಟ್. ಖಾತೆಯ 40,000ಕ್ಕೆ ಚೇಸ್‌ನಿಂದ 60,000 ಸೇರಿಸಿದರು. ಹಗಲಿನ ಪ್ರಯಾಣಕ್ಕೆ ಹಾಸಿಗೆ ಬೇಡವೆಂದು ಮೇಲೆ ಬರೆದದ್ದು ಮಂಡಿನೋವಿನವರಿಗೆ ಅನ್ವಯಿಸುವುದಿಲ್ಲ. ಅವರಿಗೆ ಬೇಕಾದದ್ದು ನಿದ್ದೆಯಲ್ಲ, ಕಾಲು ಚಾಚುವ ಜಾಗ.

ಟಿಕೆಟ್ ಕೊಂಡ ಮೇಲೆ ನಾಲ್ಕು ಕೆಲಸ ಉಳಿಯುತ್ತದೆ. ನಮ್ಮ ಹಿರಿಯರ ಪಾಸ್‌ಪೋರ್ಟ್‌ನಲ್ಲಿ ಎಷ್ಟೋ ಸಲ ಮನೆತನದ ಹೆಸರಿನ ಜಾಗ ಖಾಲಿ ಇರುತ್ತದೆ, ವೀಸಾದಲ್ಲಿ 'ಎಫ್‌ಎನ್‌ಯು' (ಮೊದಲ ಹೆಸರು ಗೊತ್ತಿಲ್ಲ ಎಂಬುದರ ಇಂಗ್ಲಿಷ್ ಕಿರುರೂಪ) ಎಂದು ಬಂದಿರುತ್ತದೆ. ತಪಾಸಣೆಯಲ್ಲಿ ತೋರಿಸುವ ದಾಖಲೆಯಲ್ಲಿರುವಂತೆಯೇ ಟಿಕೆಟ್‌ನಲ್ಲಿ ಹೆಸರು ಬಂದಿದೆಯೇ ಎಂದು ಕಂಪನಿಗೆ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ. ಅದೇ ಫೋನಿನಲ್ಲಿ ಗಾಲಿಕುರ್ಚಿ ಕೇಳಿ. ಅದಕ್ಕೆ ಶುಲ್ಕ ಕೇಳುವಂತಿಲ್ಲ, ಕುರ್ಚಿ ತಳ್ಳುವವರು ವಿಮಾನದ ಬಾಗಿಲವರೆಗೂ ಬರುತ್ತಾರೆ. ಸಸ್ಯಾಹಾರಿ ಊಟವನ್ನು ಆ್ಯಪ್‌ನಲ್ಲಿ ಮೊದಲೇ ಆರಿಸಿಡಿ, ಆದರೂ ಒಂದು ಡಬ್ಬಿ ಚಿತ್ರಾನ್ನವೋ ನಾಲ್ಕು ಚಪಾತಿಯೋ ಜೊತೆಗಿರಲಿ. ತಪಾಸಣೆಯಲ್ಲಿ ಅವನ್ನು ತಡೆಯುವುದಿಲ್ಲ. 100 ಮಿಲಿಲೀಟರ್ ಮೀರಿದ ಚಟ್ನಿ ಮತ್ತು ಉಪ್ಪಿನಕಾಯಿ ಶೀಶೆಯನ್ನು ಮಾತ್ರ ಕೈಚೀಲದಿಂದ ತೆಗೆದು ದೊಡ್ಡ ಪೆಟ್ಟಿಗೆಗೆ ಹಾಕಿಕಳಿಸಿ. ಹೊರಡುವ ಮೂರು ದಿನ ಮೊದಲು ವಿಮಾನದ ಮಾದರಿ ಬದಲಾಗಿಲ್ಲವೆಂದು ಮತ್ತೊಮ್ಮೆ ನೋಡಿ. 757ರ ಜಾಗದಲ್ಲಿ 737 ಬಂದಿದ್ದರೆ ಅಂದೇ ಫೋನ್ ಮಾಡಿ, ಹಾಸಿಗೆ ಇರುವ ಬೇರೆ ವಿಮಾನಕ್ಕೆ ಬದಲಿಸಿಕೊಡುವಂತೆ ಕೇಳಿ.